ಉಸಿರು ಕಾಣದ ಹಾಡು

ಭಾವುಕತೆಯೆಂಬ ಮಾತು ನಮ್ಮ ವಿಮರ್ಶೆಯಲ್ಲಿ ಬಹುಕಾಲದಿಂದ ಬೈಗುಳವಾಗಿ ಸಲ್ಲುತ್ತ ಬಂದಿದೆ. ಒಂದು ಪದ್ಯವನ್ನು ಭಾವುಕವೆಂದು ಕರೆದುಬಿಟ್ಟರೆ ಸಾಕು. ಅದನ್ನು ಮುಂದೆ ಓದುವ ಶ್ರಮವೂ ಇಲ್ಲ, ಅದು ಏಕೆ ಜನರ ಬಾಯಲ್ಲಿ ನಿಂತಿತೆಂದು ಕೇಳಿಕೊಳ್ಳುವ ಶ್ರಮವೂ ಇಲ್ಲ. 1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಗೆ ನವ್ಯದ ಉತ್ಸಾಹದ ದಿನಗಳಲ್ಲಿ ಸಂದ ಉಪಚಾರವನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಪುಸ್ತಕವನ್ನು ವಿಮರ್ಶಕರು ಮಕ್ಕಳಾಟವೆಂದರು, ಜನ ಹಾಡಿಕೊಂಡರು. ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳಲಿಲ್ಲ.

ಹೀಗಿರುವಾಗ, ‘ಭಾವುಕ ಸದ್ಗೃಹಸ್ಥ’ನೆಂಬ ಅರ್ಥದ ಬಿರುದನ್ನು ನಾಚಿಕೆಯಿಲ್ಲದೆ ಹೊತ್ತು, ಅದೇ ಹೆಸರಿನಲ್ಲಿ ಲಕ್ಷಾಂತರ ಗ್ರಾಮಫೋನು ತಟ್ಟೆಗಳನ್ನು ಮಾರಿದ ಒಬ್ಬ ವಾದ್ಯಗಾರನ ವಿಷಯವನ್ನು ಕನ್ನಡದ ಪುರವಣಿಯಲ್ಲಿ ಎತ್ತುವುದು ಅಸಂಗತವೆಂದು ಯಾರಿಗಾದರೂ ತೋರಬಹುದು. ಅಮೆರಿಕದ ಟಾಮಿ ಡಾರ್ಸಿ ಎಲ್ಲಿ, ಕೊಟ್ಟೂರಿನ ಕನ್ನಡ ಪಾಠ ಎಲ್ಲಿ? ಆದರೆ ಭಾವಗೀತೆಯನ್ನು ಕಲಿಸುವುದು ನನ್ನ ಕಸುಬು. ಹಾಡಿದ ಭಾವಗೀತೆ ಏಕೆ ಒಮ್ಮೊಮ್ಮೆ ಓದಿದ ಭಾವಗೀತೆಗಿಂತ ಬಡವಾಗುತ್ತದೆ ಎಂಬ ಪ್ರಶ್ನೆ ಬಹುದಿನಗಳಿಂದ ನನ್ನನ್ನು ಕಾಡುತ್ತಿದೆ. ಅದಕ್ಕೆ ಸಮಾಧಾನದಂಥದೊಂದು ನನಗೆ ಸಿಕ್ಕಿದುದು ಈ ಪರದೇಶದ ತಟ್ಟೆಗಳಲ್ಲಿ.

ಡಾರ್ಸಿ ಹುಟ್ಟಿದುದು 1905ರಲ್ಲಿ, ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಯ ಸೀಮೆಯಲ್ಲಿ. ತಂದೆ ಗಣಿಯಿಂದ ಹೊರಬಂದು ಬ್ಯಾಂಡು ಕಲಿಸುವ ಮೇಷ್ಟರಾದವನು. ಮಕ್ಕಳು ಮತ್ತೆ ಆ ಕಪ್ಪು ಬಿಲಕ್ಕೆ ಇಳಿಯಬಾರದೆಂಬ ಹಟದಿಂದ ಇಬ್ಬರ ಕೈಗೂ ವಾದ್ಯ ಕೊಟ್ಟ. ಹಿರಿಯ ಜಿಮ್ಮಿ ಸ್ಯಾಕ್ಸೊಫೋನು, ಕ್ಲಾರಿನೆಟ್ಟುಗಳನ್ನು ಹಿಡಿದ. ಕಿರಿಯ ಟಾಮಿ ಟ್ರಾಂಬೋನು ಹಿಡಿದ. ಸಂಡೂರು ಹೊಸಪೇಟೆಗಳ ಗಣಿಯ ಕೆಂಪು ಧೂಳು ಕಂಡ ನಮ್ಮ ಕಡೆಯವರಿಗೆ ಆ ತಂದೆಯ ಮನಸ್ಸು ಅರ್ಥವಾಗದೆ ಇರದು. ಅಣ್ಣತಮ್ಮಂದಿರು ಕೂಡಿ ನಡೆಸಿದ ವಾದ್ಯಗೋಷ್ಠಿ 1935ರಲ್ಲಿ ಒಡೆಯಿತು. ಒಂದು ಹಾಡಿನ ಕಾಲ ಎಷ್ಟು ಚುರುಕಿರಬೇಕೆಂಬ ಜಗಳ ವೇದಿಕೆಯ ಮೇಲೆಯೇ ಆಗಿ, ತಮ್ಮ ವಾದ್ಯವನ್ನು ಎತ್ತಿಕೊಂಡು ಇಳಿದುಹೋದ. ಲಯದ ವಿಷಯಕ್ಕೆ ಮನೆ ಮುರಿಯುವಷ್ಟು ನಿಷ್ಠೆ! ಅದೇ ವರ್ಷ ಟಾಮಿ ತನ್ನದೇ ಗೋಷ್ಠಿ ಕಟ್ಟಿ, ‘ಐಯಾಮ್ ಗೆಟಿಂಗ್ ಸೆಂಟಿಮೆಂಟಲ್ ಓವರ್ ಯೂ’ ಎಂಬ ಹಾಡನ್ನು ತನ್ನ ಹೆಗ್ಗುರುತಿನ ರಾಗವಾಗಿ ಮುದ್ರಿಸಿದ. ಅಲ್ಲಿಂದ 1956ರಲ್ಲಿ ಸಾಯುವವರೆಗೂ ಆ ರಾಗ ಅವನ ಬೆನ್ನು ಬಿಡಲಿಲ್ಲ.

ಟ್ರಾಂಬೋನನ್ನು ಕಾಣದವರಿಗಾಗಿ ಒಂದು ಮಾತು. ಅದು ಹಿತ್ತಾಳೆಯ ಉದ್ದನೆಯ ತುತ್ತೂರಿ. ಟ್ರಂಪೆಟ್ಟಿಗಿರುವಂತೆ ಅದಕ್ಕೆ ಒತ್ತುವ ಗುಂಡಿಗಳಿಲ್ಲ. ಒಂದರೊಳಗೊಂದು ಸರಿಯುವ ಕೊಳವೆಯನ್ನು ಬಲಗೈಯಿಂದ ಮುಂದಕ್ಕೂ ಹಿಂದಕ್ಕೂ ಸರಿಸಿ ಸ್ವರವನ್ನು ಹುಡುಕಬೇಕು. ಕೊಳವೆಗೆ ಏಳು ನೆಲೆಗಳುಂಟು, ಆದರೆ ಅವುಗಳ ಗುರುತನ್ನು ಕೊಳವೆಯ ಮೇಲೆ ಕೊರೆದಿರುವುದಿಲ್ಲ. ಪಿಟೀಲಿನಂತೆ ಕಿವಿಯೇ ಗತಿ. ಆದುದರಿಂದ ಸ್ವರದಿಂದ ಸ್ವರಕ್ಕೆ ಜಾರುವುದು ಈ ವಾದ್ಯಕ್ಕೆ ಸಹಜಗುಣ. ನಮ್ಮವರು ಜಾರು ಎನ್ನುವುದನ್ನು, ಹಿಂದುಸ್ತಾನಿಯವರು ಮೀಂಡ್ ಎನ್ನುವುದನ್ನು ವೀಣೆ ಸಿತಾರುಗಳು ಕಷ್ಟಪಟ್ಟು ಸಾಧಿಸುತ್ತವೆ. ಟ್ರಾಂಬೋನಿಗೆ ಅದು ಕಾಲು ಜಾರಿದಷ್ಟು ಸುಲಭ. ಈ ಸೌಲಭ್ಯವೇ ಅದರ ಶತ್ರು. ಸರ್ಕಸ್ಸಿನಲ್ಲಿ ವಿದೂಷಕ ಮುಗ್ಗರಿಸಿದಾಗ ಕೇಳುವ ಆ ಕುಚೋದ್ಯದ ಸದ್ದು ಈ ವಾದ್ಯದ್ದೇ. ಅತ್ತು ಕರೆದು ಮೂಗು ಸೀಟುವ ಹಾಡಿಗೆ ಇದಕ್ಕಿಂತ ಹೊಂದಿದ ವಾದ್ಯ ಬೇರೊಂದಿಲ್ಲವೆಂದು ಹೇಳಬಹುದು.

ಡಾರ್ಸಿ ಮಾಡಿದುದೇನೆಂದರೆ, ಆ ಜಾರನ್ನು ಹೆಚ್ಚು ಕಡಿಮೆ ನುಂಗಿಬಿಟ್ಟ. ಆತನ ಹೆಗ್ಗುರುತಿನ ರಾಗವನ್ನು ಕೇಳಿದರೆ ಮೊದಲು ಮನಸ್ಸಿಗೆ ತಾಕುವುದು ಅದರ ಸ್ವಚ್ಛತೆ. ವಾದ್ಯದ ಮೇಲಿನ ಸ್ಥಾಯಿಯಲ್ಲಿ, ಬಿರುಸಿಲ್ಲದೆ, ಒಬ್ಬ ಒಳ್ಳೆಯ ಗಾಯಕ ಅರ್ಧ ದನಿಯಲ್ಲಿ ಹಾಡಿಕೊಂಡಂತೆ ಅದು ಸಾಗುತ್ತದೆ. ಕಂಪನ ಇದೆ, ಆದರೆ ದೀಪದ ಕುಡಿ ಅಲುಗಿದಷ್ಟು. ಎರಡು ಸ್ವರಗಳ ನಡುವೆ ಕೊಳವೆ ಸರಿಯುವುದು ಕಿವಿಗೆ ಬೀಳಬೇಕಾದಲ್ಲಿ ಮಾತ್ರ ಬೀಳುತ್ತದೆ. ಹಾಡು ಭಾವುಕವಾದುದೇ, ಸಂದೇಹವಿಲ್ಲ. ನುಡಿಸುವವನ ಕಣ್ಣಲ್ಲಿ ಮಾತ್ರ ನೀರಿಲ್ಲ. ಕೇಳುವವನಿಗೆ ಅಳುವ ಸ್ವಾತಂತ್ರ್ಯವನ್ನು ಬಿಟ್ಟು ತಾನು ದೂರ ನಿಂತ ಈ ರೀತಿಯನ್ನು ನಮ್ಮ ಆಲಂಕಾರಿಕರು ಗುರುತಿಸುತ್ತಿದ್ದರೆಂದು ನನ್ನ ನಂಬಿಕೆ. ಸ್ಥಾಯಿಭಾವ ಬೇರೆ, ಅದು ಪಾಕಗೊಂಡ ರಸ ಬೇರೆ ಎಂದು ನಾವು ವರ್ಷವರ್ಷವೂ ಪಾಠ ಹೇಳುತ್ತೇವೆ. ನೋಟ್ಸು ಬರೆದುಕೊಳ್ಳುವ ಹುಡುಗರಿಗೆ ಅದು ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುತ್ತದೆ. ಈ ಮೂರು ನಿಮಿಷದ ತಟ್ಟೆಯಲ್ಲಿ ಅದು ಕಿವಿಗೇ ಕೇಳುತ್ತದೆ.

ಇನ್ನು ಉಸಿರಿನ ವಿಷಯ. 1940ರ ಆರಂಭದಲ್ಲಿ ಫ್ರ್ಯಾಂಕ್ ಸಿನಾಟ್ರಾ ಎಂಬ ತೆಳ್ಳನೆಯ ಯುವಕ ಈ ಗೋಷ್ಠಿಗೆ ಗಾಯಕನಾಗಿ ಸೇರಿದ. ಡಾರ್ಸಿ ದೀರ್ಘವಾದ ಸಾಲನ್ನು ಎಲ್ಲಿಯೂ ಮುರಿಯದೆ ನುಡಿಸುವುದನ್ನು ಕಂಡು ಆತನಿಗೆ ಸೋಜಿಗವಾಯಿತು. ಹಿಂದೆ ಕುಳಿತು ಬೆನ್ನನ್ನೇ ನೋಡುತ್ತಿದ್ದನಂತೆ. ಅಂಗಿ ಅಲುಗುವುದಿಲ್ಲ, ಪಕ್ಕೆ ಏಳುವುದಿಲ್ಲ. ಬಾಯಿಯ ಒಂದು ಮೂಲೆಯಲ್ಲಿ ಸೂಜಿಯ ಕಣ್ಣಿನಷ್ಟು ಸಂದು ಮಾಡಿಕೊಂಡು ಸ್ವರದ ನಡುವೆಯೇ ಕಳ್ಳ ಉಸಿರು ಎಳೆಯುತ್ತಾನೆಂಬುದು ಕೊನೆಗೆ ಹೊಳೆಯಿತು. ಅದನ್ನು ಕಂಠಕ್ಕೆ ತಂದುಕೊಳ್ಳಬೇಕೆಂದು ಸಿನಾಟ್ರಾ ಈಜುಕೊಳದಲ್ಲಿ ಮುಳುಗಿ ದಮ್ಮು ಕಟ್ಟುವ ಸಾಧನೆ ಮಾಡಿದನಂತೆ. ಇದನ್ನೆಲ್ಲ ಆತನೇ ಮುಂದೆ ಹೇಳಿಕೊಂಡಿದ್ದಾನೆ. ಸ್ವಲ್ಪ ಉಪ್ಪುಕಾರ ಸೇರಿಸಿದ್ದರೂ ಇರಬಹುದು. ಗುರು ಬಾಯಿಬಿಟ್ಟು ಏನನ್ನೂ ಕಲಿಸಲಿಲ್ಲ, ಶಿಷ್ಯ ಬೆನ್ನು ನೋಡಿ ಕಲಿತ ಎಂಬ ಈ ಪ್ರಸಂಗ ನಮ್ಮ ಗುರುಕುಲಗಳ ಕಥೆಗಳ ಸಾಲಿಗೆ ಸೇರತಕ್ಕದ್ದು.

ನಮ್ಮಲ್ಲಿಯೂ ಉಸಿರನ್ನು ಮರೆಸುವ ವಿದ್ಯೆ ಇದೆ. ಸನಾದಿಯ ಜೊತೆ ಶ್ರುತಿ ಹಿಡಿಯುವವನು ಗಲ್ಲದಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತ, ಬಾಯಿಂದ ಊದುತ್ತ ಎಡೆಬಿಡದೆ ಒಂದೇ ಸ್ವರವನ್ನು ನಿಲ್ಲಿಸುತ್ತಾನೆ. ಅಲ್ಲಿ ಉಸಿರು ಒಂದು ವರ್ತುಲ, ಅದಕ್ಕೆ ತುದಿಮೊದಲಿಲ್ಲ. ಡಾರ್ಸಿಯ ಉಸಿರು ಹಾಗಲ್ಲ. ಅವನ ಸಾಲಿಗೆ ಮೊದಲೂ ಇದೆ, ಕೊನೆಯೂ ಇದೆ, ವಾಕ್ಯಕ್ಕಿರುವಂತೆ. ವಾಕ್ಯ ಮುಗಿಯದೆ ಆತ ನಿಲ್ಲುವುದಿಲ್ಲ, ಮುಗಿದಮೇಲೆ ನಿಲ್ಲದೆ ಇರುವುದೂ ಇಲ್ಲ. ಈ ಭೇದ ದೊಡ್ಡದು. ಮಾತಿಲ್ಲದ ವಾದ್ಯದಲ್ಲಿ ಆತ ಮಾತಿನ ನಡೆಯನ್ನು ಹಿಡಿದಿದ್ದ. ಸಿನಾಟ್ರಾ ಅದನ್ನು ಮತ್ತೆ ಮಾತಿಗೆ ಮರಳಿಸಿದ.

ಯತಿಯನ್ನು ಮೀರಿ ನಡೆಯುವುದು ಕನ್ನಡ ಕವಿಗೆ ದೋಷವಲ್ಲವೆಂಬುದು ಛಂದಸ್ಸಿನ ತರಗತಿಯಲ್ಲಿ ನಾವು ಹೇಳುವ ಮೊದಲ ಪಾಠಗಳಲ್ಲೊಂದು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ತೆಗೆದುಕೊಳ್ಳಿ. ಮೂರು ನಾಲ್ಕು ಮಾತ್ರೆಗಳ ಆ ಗಣಗಳು ಹೆಜ್ಜೆ ಹಾಕುತ್ತಿರುವಾಗಲೇ ವಾಕ್ಯ ಸಾಲನ್ನು ದಾಟಿ ಹೋಗುತ್ತದೆ; ಎಷ್ಟೋ ಕಡೆ ಒಂದು ಪದವೇ ಸಾಲಿನ ತುದಿಯಲ್ಲಿ ಎರಡಾಗಿ ಮುಂದಿನ ಸಾಲಿಗೆ ಕಾಲಿಡುತ್ತದೆ. ನುರಿತ ಗಮಕಿ ಸಾಲಿನ ಕೊನೆಯಲ್ಲಿ ಉಸಿರು ಬಿಡುವುದಿಲ್ಲ. ಅರ್ಥ ಎಲ್ಲಿ ನಿಂತಿತೋ ಅಲ್ಲಿ ಬಿಡುತ್ತಾನೆ. ಹಾಗೆ ಓದಿದಾಗಲೇ ಅಕ್ಷರ ಬಾರದ ರೈತನಿಗೂ ಕೌರವನ ಕೋಪ ತಿಳಿಯುತ್ತಿದ್ದುದು. ಸಿನಾಟ್ರಾ ಡಾರ್ಸಿಯ ಬೆನ್ನು ನೋಡಿ ಕಲಿತುದು ಈ ಗಮಕಿಯ ವಿದ್ಯೆಯೇ ಎಂದರೆ ಉತ್ಪ್ರೇಕ್ಷೆಯಾಗದು. ಪ್ರಾಸ ಬಂದೊಡನೆ ನಿಲ್ಲುವುದು ಆ ಕಾಲದ ಸಾಮಾನ್ಯ ಗಾಯಕರ ಅಭ್ಯಾಸ. ಆತ ಪ್ರಾಸವನ್ನು ದಾಟಿ ಮುಂದಿನ ಮಾತಿಗೆ ಹೋಗಿ ಅಲ್ಲಿ ನಿಲ್ಲುತ್ತಾನೆ. ಕೇಳುವವನಿಗೆ ಯಾರೋ ಮಾತನಾಡಿದಂತೆ ಭಾಸವಾಗುತ್ತದೆ.

1940ರ ಮೇ 23ರಂದು ಮುದ್ರಣವಾದ ‘ಐ ವಿಲ್ ನೆವರ್ ಸ್ಮೈಲ್ ಎಗೇನ್’ ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ರಚಿಸಿದವಳು ಕೆನಡದ ಟೊರಾಂಟೊ ನಗರದ ರೂಥ್ ಲೋ. ಮದುವೆಯಾದ ಕೆಲವೇ ಕಾಲದಲ್ಲಿ ಗಂಡನನ್ನು ಕಳೆದುಕೊಂಡ ದುಃಖದಲ್ಲಿ ಬರೆದುದು. ಇಂಥ ವಿಷಯಕ್ಕೆ ಇಡೀ ಹಿತ್ತಾಳೆಯ ದಂಡನ್ನು ಹಚ್ಚಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು. ಡಾರ್ಸಿ ದಂಡನ್ನು ಹಿಂದಕ್ಕೆ ಸರಿಸಿದ. ಸಿನಾಟ್ರಾನ ದನಿ, ಪೈಡ್ ಪೈಪರ್ಸ್ ಎಂಬ ನಾಲ್ವರ ಮೇಳದ ದನಿ, ಗೆಜ್ಜೆಯಂತೆ ಕಿಣಿಕಿಣಿಸುವ ಸೆಲೆಸ್ಟಾ ಎಂಬ ಪುಟ್ಟ ಮಣೆವಾದ್ಯ. ಸಾವಿನ ಮನೆಯಲ್ಲಿ ಪಕ್ಕದ ಕೋಣೆಯವರಿಗೆ ಕೇಳದಂತೆ ಮಾತನಾಡುತ್ತಾರಲ್ಲ, ಆ ಮಟ್ಟದಲ್ಲಿ ಹಾಡು ನಡೆಯುತ್ತದೆ. ನಡುವೆ ಟ್ರಾಂಬೋನು ಬಂದು, ಹೆಚ್ಚು ಹೊತ್ತು ಕೂರದೆ, ಎದ್ದುಹೋಗುತ್ತದೆ. ಆ ವರ್ಷದ ಜುಲೈ 27ರಂದು ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆ ಮಾರಾಟವಾದ ತಟ್ಟೆಗಳ ರಾಷ್ಟ್ರೀಯ ಪಟ್ಟಿಯನ್ನು ಮೊತ್ತಮೊದಲು ಪ್ರಕಟಿಸಿದಾಗ ಮೇಲಿದ್ದ ಹಾಡು ಇದೇ. ಹನ್ನೆರಡು ವಾರ ಕೆಳಗಿಳಿಯಲಿಲ್ಲ. ಯೂರೋಪು ಹೊತ್ತಿ ಉರಿಯುತ್ತಿದ್ದ ವರ್ಷವದು.

ಈ ತಟ್ಟೆಗಳ ಕಟ್ಟಡವನ್ನೂ ಗಮನಿಸಬೇಕು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಸಾಮಾನ್ಯವಾಗಿ ಡಾರ್ಸಿಯ ವಾದ್ಯ ಮೊದಲು ರಾಗವನ್ನು ಪೂರ್ತಿಯಾಗಿ ಹೇಳಿಬಿಡುತ್ತದೆ. ಆಮೇಲೆ ಗಾಯಕ ಎದ್ದು ಸಾಹಿತ್ಯವನ್ನು ಒಂದು ಸಲ, ಒಂದೇ ಸಲ, ಹಾಡಿ ಕುಳಿತುಕೊಳ್ಳುತ್ತಾನೆ. ಮತ್ತೆ ಗೋಷ್ಠಿ. ತಟ್ಟೆಯ ಚೀಟಿಯ ಮೇಲೆ ಗಾಯಕನ ಹೆಸರು ಚಿಕ್ಕ ಅಕ್ಷರದಲ್ಲಿ. ಹೀಗೆ ಒಂದು ಸಲ ಮಾತ್ರ ಹಾಡುವ ಅವಕಾಶವಿದ್ದವನು ಮಾತನ್ನು ಹಾಳುಮಾಡಿಕೊಳ್ಳುವುದಿಲ್ಲ. ಎರಡನೆಯ ಅವಕಾಶ ಇಲ್ಲವೆಂಬ ಎಚ್ಚರವೇ ಪ್ರತಿ ಪದವನ್ನೂ ಕಾಯುತ್ತದೆ.

ಎಲ್ಲ ತಟ್ಟೆಗಳೂ ಈ ಮಟ್ಟದವೆಂದು ನಾನು ಹೇಳಲಾರೆ. ಚಿಲ್ಲರೆ ಹಾಡುಗಳು ಬೇಕಾದಷ್ಟಿವೆ. 1942ರಲ್ಲಿ ಪಿಟೀಲುಗಳ ಸಾಲನ್ನೇ ಸೇರಿಸಿಕೊಂಡ ಮೇಲೆ ಪಾಯಸಕ್ಕೆ ಬೆಲ್ಲ ಹೆಚ್ಚಾಯಿತು. ಜಾಜ್ ಪ್ರಿಯರಂತೂ, ಮನೋಧರ್ಮದಲ್ಲಿ ಜಾಕ್ ಟೀಗಾರ್ಡನ್ ಎಂಬ ಇನ್ನೊಬ್ಬ ಟ್ರಾಂಬೋನುಗಾರನ ಮುಂದೆ ಡಾರ್ಸಿ ಏನೂ ಅಲ್ಲವೆನ್ನುತ್ತಾರೆ. ಡಾರ್ಸಿಗೂ ಅದು ತಿಳಿದಿತ್ತು; ಟೀಗಾರ್ಡನ್ ಇದ್ದ ಕೂಟದಲ್ಲಿ ತಾನು ಬರಿಯ ರಾಗವನ್ನು ಹಿಡಿದು ನಿಂತನಂತೆ. ಕೋಪಿಷ್ಠ, ವ್ಯವಹಾರದಲ್ಲಿ ಕಟು. ಬಿಟ್ಟುಹೋಗುವ ಸಿನಾಟ್ರಾನ ಗಳಿಕೆಯಲ್ಲಿ ಮೂರರಲ್ಲೊಂದು ಪಾಲು ತನಗೆಂದು ಬರೆಸಿಕೊಂಡಿದ್ದ. ಅದನ್ನು ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ‘ಮೇರಿ’ ಎಂಬ ಪ್ರಸಿದ್ಧ ತಟ್ಟೆಯ ಕಲ್ಪನೆಯಂತೂ ಸನ್‌ಸೆಟ್ ರಾಯಲ್ಸ್ ಎಂಬ ಕಪ್ಪು ಜನಾಂಗದ ಗೋಷ್ಠಿಯಿಂದ ಪಡೆದುದು. ಅರ್ವಿಂಗ್ ಬರ್ಲಿನ್ ಬರೆದ ಆ ಮೂರರ ನಡೆಯ ನಿಧಾನದ ಹಾಡನ್ನು ನಾಲ್ಕರ ನಡೆಗೆ ತಿರುಗಿಸಿ, ಗಾಯಕ ಗಂಭೀರವಾಗಿ ಪ್ರೇಮ ನಿವೇದಿಸುತ್ತಿರುವಾಗ ಹಿಂದೆ ಕುಳಿತ ವಾದ್ಯಗಾರರೆಲ್ಲ ಪೋಲಿಹುಡುಗರಂತೆ ನಡುನಡುವೆ ಕೂಗು ಹಾಕುತ್ತಾರೆ. ಹಾಸ್ಯದಿಂದ ಭಾವ ಕೆಡಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. ಆ ಹೆಸರಿಲ್ಲದ ಗೋಷ್ಠಿಗೆ ಸಿಕ್ಕಿದುದು ಕೀರ್ತಿಯ ಚೂರು ಮಾತ್ರ.

‘ಮೇರಿ’ ಮುದ್ರಣವಾದ 1937ರ ಜನವರಿ 29ರಂದೇ, ಅದೇ ತಟ್ಟೆಯ ಇನ್ನೊಂದು ಮಗ್ಗುಲಿಗೆ ‘ಸಾಂಗ್ ಆಫ್ ಇಂಡಿಯ’ ಮುದ್ರಣವಾಯಿತು. ಇದು ರಷ್ಯದ ರಿಮ್ಸ್ಕಿ ಕೊರ್ಸಕೋವನು 1898ರಲ್ಲಿ ರಂಗಕ್ಕೆ ತಂದ ‘ಸಡ್ಕೊ’ ಗೀತನಾಟಕದಲ್ಲಿ ಭಾರತದ ವರ್ತಕನೊಬ್ಬ ತನ್ನ ನಾಡಿನ ಎಣೆಯಿಲ್ಲದ ವಜ್ರಗಳನ್ನೂ ಕಡಲಿನ ಮುತ್ತುಗಳನ್ನೂ ಕೊಂಡಾಡುವ ಹಾಡು. ರಷ್ಯದವನ ಕನಸಿನ ಭಾರತವನ್ನು ಅಮೆರಿಕದವನು ಕುಣಿತಕ್ಕೆ ಹೊಂದಿಸಿದ. ರಾಗದಲ್ಲಿ ನಮ್ಮದೇನೂ ಇಲ್ಲ. ವಜ್ರದ ಮಾತು ಮಾತ್ರ ಪೂರ್ತಿ ಸುಳ್ಳಲ್ಲ. ಬಳ್ಳಾರಿಯ ಆಚೆ ಅನಂತಪುರ ಜಿಲ್ಲೆಯ ವಜ್ರಕರೂರಿನ ಹೊಲಗಳಲ್ಲಿ ಮುಂಗಾರು ಬಿದ್ದಮೇಲೆ ಜನ ಇಂದಿಗೂ ಬಗ್ಗಿ ಕಲ್ಲು ಹುಡುಕುತ್ತಾರೆ.

ನಮ್ಮ ಕಡೆಗೆ ಬರೋಣ. ಊದುವ ವಾದ್ಯವೊಂದು ಮುಂದೆ ನಿಂತು ಭಾವದ ಹಾಡನ್ನು ನಡೆಸಿದ ಉದಾಹರಣೆ ಕನ್ನಡದಲ್ಲಿ ಹುಡುಕಿದರೆ ಮೊದಲು ನೆನಪಾಗುವುದು 1977ರ ‘ಸನಾದಿ ಅಪ್ಪಣ್ಣ’. ಜಿ. ಕೆ. ವೆಂಕಟೇಶರ ಸಂಗೀತ, ಬಿಸ್ಮಿಲ್ಲಾ ಖಾನರ ಶಹನಾಯಿ. ‘ಕರೆದರೂ ಕೇಳದೆ’ ಹಾಡಿನಲ್ಲಿ ಎಸ್. ಜಾನಕಿಯವರ ಕಂಠಕ್ಕೂ ಆ ಶಹನಾಯಿಗೂ ನಡೆಯುವ ಸಂವಾದದಲ್ಲಿ ಯಾರು ಯಾರಿಗೆ ಪಕ್ಕವಾದ್ಯವೆಂದು ಹೇಳುವುದು ಕಷ್ಟ. ಚಲನಚಿತ್ರದ ಹೊರಗೆ ಹುಡುಕಿದರೆ ಸಿಗುವುದು ಮದುವೆಯ ಬ್ಯಾಂಡು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಮ್ಮ ಕೊಟ್ಟೂರು, ಈ ಐದೂ ಊರುಗಳಲ್ಲಿ ದಿಬ್ಬಣದ ಮುಂದೆ ಬ್ಯಾಂಡಿನವರು ಚಿತ್ರಗೀತೆ ಊದುತ್ತ ನಡೆದ ಕಾಲ ನನ್ನ ವಯಸ್ಸಿನವರ ಕಿವಿಯಲ್ಲಿದೆ. ಕ್ಲಾರಿನೆಟ್ಟು ಗಾಯಕಿಯಾಗುತ್ತಿತ್ತು, ಟ್ರಂಪೆಟ್ಟು ಗಾಯಕನಾಗುತ್ತಿತ್ತು. ಶ್ರುತಿ ಎಲ್ಲ ಕಾಲದಲ್ಲಿಯೂ ನೆಟ್ಟಗಿರುತ್ತಿರಲಿಲ್ಲ. ಆದರೂ ಮಾತಿಲ್ಲದೆ ಊದಿದ ಹಾಡಿನಲ್ಲಿ ಕೇಳುವವರು ಮಾತನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಬೀಗರ ಕಡೆಯ ಹೆಂಗಸರ ತುಟಿ ಅಲುಗುತ್ತಿತ್ತು. ಈಗ ಬಹುಪಾಲು ಮೆರವಣಿಗೆಗಳಿಗೆ ಡಿಜೆ ಬಂದಿದೆ. ಅದರ ಎದುರು ತುಟಿ ಅಲುಗಿಸಿ ಪ್ರಯೋಜನವಿಲ್ಲ. ಎದೆಯ ಗೂಡೇ ಅಲುಗುತ್ತದೆ.

ಆದರೆ ನನ್ನ ಚಿಂತೆ ಬ್ಯಾಂಡಿನದಲ್ಲ, ಭಾವಗೀತೆಯದು. ಬಿ. ಎಂ. ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದಂದಿನಿಂದ ಕನ್ನಡದ ಹೊಸ ಕವಿತೆ ಗೀತವೆಂಬ ಹೆಸರನ್ನು ಹೊತ್ತುಕೊಂಡೇ ನಡೆದಿದೆ. ಅದಕ್ಕೆ ಕಂಠ ಕೊಟ್ಟವರಲ್ಲಿ ಹಿರಿಯರು ಪಿ. ಕಾಳಿಂಗರಾಯರು. ಮೋಹನಕುಮಾರಿ, ಸೋಹನಕುಮಾರಿಯರೊಡನೆ ಅವರು ಹಾಡಿದುದನ್ನು ಇಂದು ಮುದ್ರಿಕೆಯಲ್ಲಿ ಕೇಳಿದರೂ ಒಂದೊಂದು ಅಕ್ಷರವೂ ಕೈಗೆ ಸಿಗುತ್ತದೆ. ವಾದ್ಯ ಕಡಿಮೆ, ಮಾತು ಹೆಚ್ಚು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತವಿತ್ತ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದು ಭಾವಗೀತೆ ಮನೆಮನೆಗೆ ಹೋಯಿತು. ಸಿ. ಅಶ್ವತ್ಥರು ಅದನ್ನು ಮೈದಾನಕ್ಕೆ ಕೊಂಡೊಯ್ದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ಕ್ಕೆ ಸೇರಿದ ಜನಸಾಗರ ಯಾವ ಕವಿಗೂ ಕನಸಿನಲ್ಲಿಯೂ ಬಂದಿರಲಾರದು. ಈ ಮಹನೀಯರ ಉಪಕಾರವನ್ನು ಕನ್ನಡದ ಮೇಷ್ಟರುಗಳು ಮರೆಯುವಂತಿಲ್ಲ. ನಮ್ಮ ಐದು ತಾಲ್ಲೂಕಿನ ಹಳ್ಳಿಗಳಿಂದ ಬಸ್ಸು ರೈಲು ಹಿಡಿದು ಬರುವ ಹುಡುಗ ಹುಡುಗಿಯರಲ್ಲಿ ಹಲವರಿಗೆ ಬೇಂದ್ರೆ, ಅಡಿಗರು, ನರಸಿಂಹಸ್ವಾಮಿಯವರು ಮೊದಲು ಸಿಕ್ಕುವುದು ಪುಸ್ತಕದಲ್ಲಲ್ಲ, ಹಾಡಿನಲ್ಲಿ. ‘ಯಾವ ಮೋಹನ ಮುರಲಿ’ಯನ್ನು ಚಿತ್ರಗೀತೆಯೆಂದು ಕೇಳಿ ಮೆಚ್ಚಿದವರು ಅದರ ಕವಿಯೇ ‘ಭೂಮಿಗೀತ’ವನ್ನೂ ಬರೆದನೆಂದು ತಿಳಿದಾಗ ಪಡುವ ಬೆರಗು ನೋಡತಕ್ಕದ್ದು.

ಆದುದರಿಂದಲೇ ಕೇಳಬೇಕಾಗಿದೆ: ಈ ಹಾಡುಗಳಲ್ಲಿ ಕವಿತೆಯ ವಾಕ್ಯ ಏನಾಗುತ್ತದೆ? ಈಚಿನ ಬಹುಪಾಲು ಮುದ್ರಿಕೆಗಳಲ್ಲಿ ಒಂದು ನಿಮಿಷ ಕೀಬೋರ್ಡು ಮತ್ತು ಕೊಳಲು. ಆಮೇಲೆ ಮೊದಲ ಸಾಲು, ಎರಡು ಸಲ. ಅದರ ಅರ್ಧ, ಇನ್ನೆರಡು ಸಲ. ಕ್ರಿಯಾಪದ ಎರಡನೆಯ ಸಾಲಿನಲ್ಲಿದೆ; ಅದು ಬರುವಷ್ಟರಲ್ಲಿ ಕರ್ತೃಪದ ಯಾವುದೆಂದು ಮರೆತುಹೋಗಿರುತ್ತದೆ. ಸಾಲಿನ ತುದಿಗೆ ಉಸಿರು, ಉಸಿರಿನ ಜಾಗಕ್ಕೆ ತಬಲದ ಮುಕ್ತಾಯ. ಚರಣ ಮುಗಿದರೆ ಮತ್ತೆ ವಾದ್ಯ, ಮತ್ತೆ ಪಲ್ಲವಿ. ಮೂರನೆಯ ಪದ್ಯದಲ್ಲಿ ಕವಿ ದನಿ ಬದಲಿಸಿದ್ದಾನೆ, ಒಲವಿನ ಮಾತಿಗೆ ಒಂದು ಹನಿ ಕಹಿ ಬೆರೆಸಿದ್ದಾನೆ. ಪಲ್ಲವಿ ಬಂದು ಅದನ್ನು ಒರೆಸಿಹಾಕುತ್ತದೆ. ‘ಮೈಸೂರ ಮಲ್ಲಿಗೆ’ಯ ಪದ್ಯಗಳಲ್ಲಿ ಗಂಡಹೆಂಡಿರು ಆಡುವ ಮಾತು ಮಾತಾಗಿಯೇ ಇದೆ. ಬೀಗಿತ್ತಿಯ ಬಿಂಕ, ಮಾವನ ಮನೆಯ ಸಂಕೋಚ, ಬಡ ಸಂಸಾರದ ಲೆಕ್ಕ, ಎಲ್ಲ ಅದರೊಳಗಿದೆ. ವಿಮರ್ಶಕರು ಭಾವುಕವೆಂದು ತಳ್ಳಿದುದರಲ್ಲಿ ಒಂದು ಪಾಲು ಪದ್ಯದ್ದಲ್ಲ, ಪದ್ಯವನ್ನು ಎಳೆದಾಡಿದ ಹಾಡಿನದು ಎಂಬುದು ನನ್ನ ಅಭಿಪ್ರಾಯ. ಮೌನವಾಗಿ ಓದಿಕೊಂಡರೆ ಅದೇ ಪದ್ಯ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳುತ್ತದೆ.

ರಾಗದ ವಿಸ್ತಾರಕ್ಕೆ ಪುನರಾವೃತ್ತಿ ಬೇಡವೆ, ಸಂಗತಿಗಳಿಲ್ಲದೆ ಕೃತಿಯುಂಟೆ ಎಂದು ಸಂಗೀತಜ್ಞರು ಆಕ್ಷೇಪಿಸಬಹುದು. ನಿಜ. ಕೃತಿಯಲ್ಲಿ ಪ್ರತಿ ಸಂಗತಿಯೂ ಒಂದು ಹೊಸ ಮಾತನ್ನು ಹೇಳುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳಿಂದ ನಡೆದುಬಂದ ಪರಂಪರೆಯಲ್ಲಿ ಒಂದು ವಚನವನ್ನು ಎತ್ತಿಕೊಂಡವರು ಅದೇ ನುಡಿಯನ್ನು ಹತ್ತು ಸಲ ತಿರುಗಿಸಿದರೂ ಹತ್ತು ಸಲವೂ ಬೇರೆ ಮಗ್ಗುಲು ಕಾಣುತ್ತದೆ. ಭಾವಗೀತೆಯ ಮುದ್ರಿಕೆಯಲ್ಲಿ ಎರಡನೆಯ ಸಲದ ಸಾಲು ಮೊದಲ ಸಲದ ಸಾಲಿನ ನಕಲು. ನಕಲಿನಿಂದ ಭಾವ ಬೆಳೆಯುವುದಿಲ್ಲ, ಸವೆಯುತ್ತದೆ.

ನಮ್ಮ ಗಾಯಕರು ಟ್ರಾಂಬೋನು ಕೊಳ್ಳಬೇಕೆಂದು ಯಾರೂ ಹೇಳುತ್ತಿಲ್ಲ. ಒಂದು ಕವಿತೆಯನ್ನು ಹಿಡಿದು, ಪಲ್ಲವಿಗೆ ಮರಳದೆ, ಮೊದಲಿನಿಂದ ಕೊನೆಯವರೆಗೆ ಒಂದೇ ಸಲ, ವಾಕ್ಯ ಮುಗಿದಲ್ಲಿ ಮಾತ್ರ ಉಸಿರು ಬಿಟ್ಟು ಹಾಡಿ ಮುದ್ರಿಸಿ ನೋಡಬಾರದೆ? ಮೂರು ನಿಮಿಷ ಸಾಕು.

ಹೋದ ವರ್ಷ ತರಗತಿಯಲ್ಲಿ ಗಮಕಿಯೊಬ್ಬರ ಕುಮಾರವ್ಯಾಸ ವಾಚನವನ್ನೂ ರೂಥ್ ಲೋಳ ಹಾಡಿನ ಆ ತಟ್ಟೆಯನ್ನೂ ಒಂದರ ಹಿಂದೊಂದು ಕೇಳಿಸಿದೆ. ಇಂಗ್ಲಿಷು ಅಷ್ಟಾಗಿ ತಿಳಿಯದ ಹುಡುಗರೂ ಉಸಿರು ಬಿಟ್ಟ ಜಾಗಗಳನ್ನು ಬೆರಳು ಮಡಿಚಿ ಎಣಿಸಿದರು. ಹಡಗಲಿ ಕಡೆಯ ಹುಡುಗಿಯೊಬ್ಬಳು ನರಸಿಂಹಸ್ವಾಮಿಯವರ ಒಂದು ಪದ್ಯವನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ಎಲ್ಲೆಲ್ಲಿ ಉಸಿರು ಎಂದು ಪೆನ್ಸಿಲಿನಿಂದ ಗುರುತು ಹಾಕಿ ತಂದು ತೋರಿಸಿದಳು. ಹನ್ನೆರಡು ಸಾಲಿಗೆ ಐದು ಗುರುತು. ಅದರಂತೆಯೇ ಅಭ್ಯಾಸ ಮಾಡಿ ಒಂದು ಭಾವಗೀತೆಯ ಸ್ಪರ್ಧೆಯಲ್ಲಿ ಹಾಡಿದಳು. ಹಾಡು ಎರಡು ನಿಮಿಷ ಚಿಲ್ಲರೆಗೆ ಮುಗಿಯಿತು. ಬಹುಮಾನ ಬರಲಿಲ್ಲ. ಕಂಠ ಚೆನ್ನಾಗಿದೆ, ಆದರೆ ಪಲ್ಲವಿಯನ್ನು ಒಮ್ಮೆಯಾದರೂ ತಿರುಗಿ ಹಾಡಬೇಕಾಗಿತ್ತು ಎಂದು ತೀರ್ಪುಗಾರರು ಹೇಳಿದರಂತೆ.